ತಪ್ಪು ನೀರಿನದ್ದಲ್ಲ, ಅವ್ವಾ

ಅವ್ವಾ,

ಓದು ಬಾರದ ನಿನಗೆ ಕಾಗದ ಬರೆಯುತ್ತಿದ್ದೇನೆ, ನಗಬೇಡ. ನೀನು ಬದುಕಿದ್ದಾಗ ಬಂದ ಕಾಗದವನ್ನೆಲ್ಲ ಯಾರ ಕೈಯಲ್ಲಾದರೂ ಓದಿಸಿಕೊಳ್ಳುತ್ತಿದ್ದೆ. ಇದನ್ನು ಮಾತ್ರ ಯಾರಿಗೂ ಕೊಡಬೇಡ.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಹುಡುಗಿಯರು ನನ್ನ ಕಂದು ಹಲ್ಲು ನೋಡಿ ‘ಹುಣಸೆಬೀಜ’ ಎಂದು ರೇಗಿಸಿದ್ದು ನೆನಪಿದೆಯಾ? ಬೋರ್‌ವೆಲ್ ನೀರಿಗೆ ಹಲ್ಲು ಕೆಡುತ್ತದೆ ಎಂದು ರಾಂಪುರದ ಸಂತೆಯಲ್ಲಿ ಯಾರೋ ಅಂದಿದ್ದರು. ಮನೆಗೆ ಬಂದವಳೇ ನಿನ್ನ ಮೇಲೆ ಹರಿಹಾಯ್ದೆ. “ನೀನು ಕುಡಿಸಿದ ನೀರಿಗೇ ನನ್ನ ಬಾಯಿ ಹಿಂಗಾಗೈತೆ!” ತೊಟ್ಟಿಲಲ್ಲಿದ್ದ ತಂಗಿ ಗೌರಿಯನ್ನು ನೋಡಿ ನೀನು ಹೇಳಿದ್ದು ಒಂದೇ ಮಾತು: “ಇವಳಿಗೆ ಹಂಗಾಗಾಕೆ ಬಿಡಲ್ಲ.” ಮರುದಿನದಿಂದ ನೀನು ಗುಡ್ಡದಾಚೆಯ ಮೆಟ್ಟಿಲಬಾವಿಯಿಂದ ನೀರು ಹೊರತೊಡಗಿದೆ.

ಗೌರಿಯ ಹಲ್ಲು ಬೆಳ್ಳಗೆ ಬಂದಾಗ ನಿನಗೆಂಥ ಹೆಮ್ಮೆ! ಬಂದವರೆದುರೆಲ್ಲ ಅವಳ ಬಾಯಿ ತೆರೆಸುತ್ತಿದ್ದೆ. ಓಣಿಯ ಉಳಿದ ಮಕ್ಕಳು ಬೋರಿನ ನೀರನ್ನೇ ಕುಡಿದೂ ಬಿಳಿ ಹಲ್ಲು ಕಿರಿಯುತ್ತಾ ಓಡಾಡುತ್ತಿದ್ದವು. ಅದು ನಮ್ಮಿಬ್ಬರ ಕಣ್ಣಿಗೂ ಯಾಕೆ ಬೀಳಲಿಲ್ಲ? ಹದಿನಾಲ್ಕು ವರ್ಷ ನೀನು ನೀರು ಹೊತ್ತೆ. ಒಂದು ಬೆಳಿಗ್ಗೆ ಪಾಚಿಗಟ್ಟಿದ ಮೆಟ್ಟಿಲಲ್ಲಿ ಕಾಲು ಜಾರಿ... ಮೇಲೆತ್ತಿದಾಗ ಉಸಿರಿರಲಿಲ್ಲ.

ನೀನು ಹೋಗಿ ಎಂಟು ವರ್ಷವಾಯಿತು. ಕಳೆದ ವಾರ ಹಲ್ಲುನೋವೆಂದು ಚಳ್ಳಕೆರೆಯ ಡಾಕ್ಟರ ಹತ್ತಿರ ಹೋಗಿದ್ದೆ. ಹಲ್ಲಿನ ಪಟ್ಟೆಗಳನ್ನು ನೋಡಿ ಕೇಳಿದರು: “ಸಣ್ಣೋರಿದ್ದಾಗ ಜ್ವರಕ್ಕೆ ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ತಗೊಂಡಿದ್ರಾ? ಇದು ನೀರಿನ ತಪ್ಪಲ್ಲಮ್ಮ.” ನೀನು ಕಣ್ಣ ಮುಂದೆ ಬಂದು ನಿಂತಂತಾಯಿತು. ನಾನು ಕೆಮ್ಮಿದಾಗಲೆಲ್ಲ ಅಂಗಡಿಯಿಂದ ಕ್ಯಾಪ್ಸೂಲ್ ತಂದು, ಬಿಚ್ಚಿ, ಹಳದಿ ಪುಡಿಯನ್ನು ಬೆಲ್ಲದ ನೀರಿನಲ್ಲಿ ಕದಡಿ, ಮೂಗು ಹಿಡಿದು ಕುಡಿಸುತ್ತಿದ್ದೆಯಲ್ಲ! ಆ ಔಷಧಿ ಬೆಳೆಯುವ ಮಕ್ಕಳ ಹಲ್ಲು, ಮೂಳೆಯ ಕ್ಯಾಲ್ಸಿಯಂಗೆ ಅಂಟಿಕೊಂಡುಬಿಡುತ್ತದಂತೆ. ಹಲ್ಲಿನ ಬಣ್ಣ ಮತ್ತೆ ಹೋಗುವುದಿಲ್ಲವಂತೆ. ತಂಗಿಯ ಹಲ್ಲು ಬೆಳ್ಳಗಿದೆ ಎಂದಾಗ, ಅವಳಿಗೂ ಇದನ್ನು ಕೊಟ್ಟಿದ್ದರಾ ಎಂದು ಕೇಳಿದರು. ಇಲ್ಲ. ಗೌರಿ ಗಟ್ಟಿಮುಟ್ಟಾದ ಕೂಸು, ಅವಳಿಗೆ ಕೆಮ್ಮೇ ಬರುತ್ತಿರಲಿಲ್ಲ.

ನನ್ನನ್ನು ಉಳಿಸಿಕೊಳ್ಳಲೆಂದು ಕೊಟ್ಟ ಮದ್ದು ಅದು. ಅಂಥ ನಿನ್ನನ್ನು ನನ್ನ ಒಂದು ಮಾತು ಬಾವಿಗೆ ಕಳಿಸಿತು. ಇದನ್ನು ಯಾರ ಹತ್ತಿರ ಹೇಳಿಕೊಂಡು ಅಳಲಿ? ಕ್ಷಮಿಸು ಎನ್ನಲೂ ಬಾಯಿ ಬರುತ್ತಿಲ್ಲ.

ಗೌರಿ ಈಗ ಏಳು ತಿಂಗಳ ಬಸುರಿ. ಹುಟ್ಟುವ ಕೂಸಿಗೆಂದು ಈಗಲೇ ಅದೇ ಬಾವಿಗೆ ಹೋಗುತ್ತಾಳೆ. ಬೇಡ ಎಂದರೆ, “ಅವ್ವ ತಂದ ನೀರಿಗೇ ನನ್ನ ಹಲ್ಲು ಚೆಂದಾಗಿರೋದು, ಅಕ್ಕಾ” ಎನ್ನುತ್ತಾಳೆ. ಅವಳ ಪಾಲಿಗೆ ನಿನ್ನದೆಂದು ಉಳಿದಿರುವುದು ಅದೊಂದೇ. ನಾನು ಬಾಯಿ ಬಿಟ್ಟರೆ ನೀನು ಹೊತ್ತ ಒಂದೊಂದು ಕೊಡವೂ ದಂಡವಾಗುತ್ತದೆ. ಆದರೆ ಆ ಪಾಚಿಗಟ್ಟಿದ ಮೆಟ್ಟಿಲು ಇನ್ನೂ ಹಾಗೇ ಇದೆ. ನಾಳೆ ಬೆಳಿಗ್ಗೆ, ಅವಳು ಕೊಡ ಹಿಡಿದು ಮನೆ ಬಿಡುವ ಮುಂಚೆ, ಹೇಳಿಬಿಡುತ್ತೇನೆ ಅವ್ವಾ.