ಅಣ್ಣನ ಟಿಕೆಟ್

ಗದಗ
ಫೆಬ್ರವರಿ ೩೦, ೨೧೯೪

ಬಸ್ಸಿನಲ್ಲಿ ಓಡಾಡುವ ನಮ್ಮ ಹಿರಿಯರಿಗೆ ಸಾವಂತ್ರವ್ವ ಬೂದಿಹಾಳ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಇವಳಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ. ತಿಂಗಳುಗಳ ನಡುವೆ ಹೆಚ್ಚು ಕಡಿಮೆ ಇರಬಾರದೆಂದು ಯಾರೋ ಹಟ ಹಿಡಿದು ಸರಿಮಾಡಿದರು. ಉಳಿದ ದಿನಗಳನ್ನು ಎಲ್ಲಿ ತುರುಕಿದರೆಂಬುದು ದೊಡ್ಡ ಕಥೆ. ನನ್ನ ಮಾತಿನಲ್ಲಿ ನೀವು ಕೇಳದ ಪದಗಳು ಬರುತ್ತವೆ, ಕ್ಷಮಿಸಬೇಕು. ಮೊದಲನೆಯದು ಹಿನ್ನಂಚೆ. ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ ಇದು. ಕೆಲಸದಿಂದ ನಿವೃತ್ತರಾದ ದಿನ ಪ್ರತಿಯೊಬ್ಬರ ಕೈಗೂ ಹಿನ್ನಂಚೆಯ ಒಂದು ಹಾಳೆ ಕೊಡುತ್ತಾರೆ, ಜೀವಮಾನಕ್ಕೆ ಒಂದೇ. ಬಹಳ ಮಂದಿ ಮುತ್ತಜ್ಜಿಗೆ ಬರೆದು ಹಬ್ಬದ ಸಿಹಿ ಮಾದಲಿಯ ಗುಟ್ಟು ಕೇಳುತ್ತಾರೆ, ಉತ್ತರ ಬರುವ ದಾರಿಯಿಲ್ಲ ಎಂದು ಗೊತ್ತಿದ್ದರೂ. ನಾನು ನಿಮಗೆ ಬರೆಯುತ್ತಿದ್ದೇನೆ. ಬಸ್ ಸುರಕ್ಷತೆಯ ಪರೀಕ್ಷಕಿಯಾಗಿ ಮೂವತ್ತನಾಲ್ಕು ವರ್ಷ ದುಡಿದವಳಿಗೆ ಬಸ್ಸಿನವರನ್ನು ಬಿಟ್ಟು ಬೇರೆ ಯಾರ ನೆನಪಾದೀತು?

ಸುತ್ತಿ ಬಳಸುವುದು ನನಗೆ ಬರುವುದಿಲ್ಲ. ನಿಮ್ಮನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಸಣ್ಣಪುಟ್ಟದ್ದಲ್ಲ, ರಾತ್ರಿ ಉಂಡದ್ದು ಅರಗದಷ್ಟು. ನಿಮ್ಮ ಬಸ್ಸಿನ ಚಿತ್ರಗಳನ್ನು ನೋಡಿದ್ದೇನೆ: ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದವನು, ಮೂರು ಜನರ ಸೀಟಿನಲ್ಲಿ ನಾಲ್ಕನೆಯವಳಾಗಿ ಕೂತು ಉಳಿದ ಮೂವರನ್ನೂ ಮಾತಿಗೆ ಎಳೆದವಳು, ಯಾರದೋ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಅದರ ಮೂಗು ಒರೆಸುತ್ತಿರುವವನು. ಇಷ್ಟೆಲ್ಲ ಇದ್ದೂ ನಿಮ್ಮ ಮುಖದ ಮೇಲೆ ಎಂಥ ಬೇಸರ! ಅದನ್ನು ಕಂಡೇ ನನ್ನ ಮೈ ಇನ್ನಷ್ಟು ಉರಿಯುತ್ತದೆ.

ನಮ್ಮ ಬಸ್ಸಿನ ಬಗ್ಗೆ ಹೇಳುತ್ತೇನೆ. ಗದಗಿನಿಂದ ಡಂಬಳದ ಮೇಲೆ ಮುಂಡರಗಿಗೆ ಹೋಗುವ ಬೆಳಗಿನ ಎಂಟರ ಬಸ್ಸಿನಲ್ಲಿ ನಲವತ್ತು ಗೂಡುಗಳಿವೆ. ಗೂಡು ಎಂದರೆ ಒಬ್ಬರಿಗೇ ಆಗುವ ಗಾಜಿನ ಕೋಣೆ, ಒಳಗೊಂದು ಕುರ್ಚಿ. ಪ್ರತಿ ಗೂಡಿಗೂ ಹೊರಗಿನಿಂದಲೇ ಬಾಗಿಲು. ಆದ್ದರಿಂದ ಹತ್ತುವಾಗ ನೂಕುನುಗ್ಗಲಿಲ್ಲ. ಕೂತೊಡನೆ ಪಟ್ಟಿ ತಾನೇ ಬಂದು ಎದೆಯನ್ನು ಅಪ್ಪಿಕೊಳ್ಳುತ್ತದೆ. ಕುರ್ಚಿ ನಿಮ್ಮ ಮೈಗುರುತು ಹಿಡಿದು ದರವನ್ನು ಮುರಿದುಕೊಳ್ಳುತ್ತದೆ. ಟಿಕೆಟ್ ಇಲ್ಲ, ಚಿಲ್ಲರೆಯ ತಕರಾರಿಲ್ಲ. ಕಾಲು ನೋಯುತ್ತಿದ್ದರೆ ಕುರ್ಚಿಯೇ ಒತ್ತುತ್ತದೆ. ಬಾಯಾರಿದರೆ ಕೈಗೆ ನೀರು, ಬಿಸಿಲಿದ್ದರೆ ತಂಪು ಗಾಳಿ, ಪಕ್ಕದವರ ಬೆವರಿನ ವಾಸನೆಯ ಮಾತೇ ಇಲ್ಲ. ಯಾರ ಮುಖವೂ ಬೇಡವೆನಿಸಿದರೆ ಬೆರಳಿನಿಂದ ಗಾಜು ಮುಟ್ಟಿದರಾಯಿತು, ಹಬೆ ಹಿಡಿದಂತೆ ಮಸುಕಾಗುತ್ತದೆ. ಬಸ್ಸಿಗೆ ಚಾಲಕರಿಲ್ಲ. ಮುಂದೆ ಹಿಂದೆ ತಡೆಗಣ್ಣುಗಳಿವೆ. ದಾರಿಗೆ ಕೋಳಿಮರಿ ಬಂದರೂ ಅವು ಕಂಡು ಬಸ್ಸನ್ನು ನಿಲ್ಲಿಸುತ್ತವೆ. ಒಳಗೆ ಯಾರಾದರೂ ಪಟ್ಟಿ ಬಿಚ್ಚಿದರೂ ಅಷ್ಟೇ, ನಿಂತಲ್ಲೇ ನಿಲ್ಲುತ್ತದೆ. ಇಷ್ಟು ಸುಖದಲ್ಲಿ ಒಂದು ಗಂಟೆ ಕೂತು ಇಳಿದಾಗ, ನನ್ನ ಜೊತೆ ಯಾರು ಬಂದರೆಂದು ಕೇಳಿದರೆ ನನಗೆ ಗೊತ್ತಿರುವುದಿಲ್ಲ.

ನಮ್ಮಲ್ಲಿ ಬಸ್ಸಿನಿಂದ ಬಿದ್ದು ಯಾರಾದರೂ ಸತ್ತು ಅರವತ್ತೊಂದು ವರ್ಷವಾಯಿತು. ಇದು ಸಣ್ಣ ಮಾತಲ್ಲ, ಇದರಲ್ಲಿ ನನ್ನ ಬೆವರೂ ಇದೆ. ನಿಮ್ಮ ಕಾಲದಲ್ಲಿ ಫುಟ್‌ಬೋರ್ಡಿನಲ್ಲಿ ಜೋತುಬಿದ್ದು ಶಾಲೆಗೆ ಹೋಗುತ್ತಿದ್ದವರ ಸುದ್ದಿಗಳನ್ನು ತರಬೇತಿಯ ಮೊದಲ ವಾರವೇ ಓದಿಸುತ್ತಾರೆ. ನಾನು ಓದಿ ಅತ್ತಿದ್ದೇನೆ. ಬಾಗಿಲು ಮುಚ್ಚಿಕೊಳ್ಳಿ, ಒಳಗೆ ಬನ್ನಿ ಎಂದು ಕಂಡಕ್ಟರು ಗದರಿಸಿದರೆ ದಯವಿಟ್ಟು ಕೇಳಿ. ಆ ವಿಷಯದಲ್ಲಿ ನನಗೆ ಯಾವ ಹೊಟ್ಟೆಕಿಚ್ಚೂ ಇಲ್ಲ.

ಆದರೆ ನಿಮ್ಮ ದೂರು ಪುಸ್ತಕ ಓದಿದಾಗ ತಡೆಯಲಾಗಲಿಲ್ಲ. ನಿಮ್ಮ ಯಾವುದೋ ಡಿಪೋದ ಒಂದು ಪುಸ್ತಕ ನಮ್ಮ ಕಚೇರಿಯ ಗಾಜಿನ ಪೆಟ್ಟಿಗೆಯಲ್ಲಿದೆ, ಪುಟ ತಿರುವಲು ಕೈಗವಸು ಹಾಕಬೇಕು. ಮೇಲಿನಿಂದ ಮಳೆ ನೀರು ಸೋರುತ್ತದೆ, ನಿಲ್ದಾಣದ ಪಾಯಖಾನೆಗೆ ಚಿಲಕವಿಲ್ಲ ಎಂದೆಲ್ಲ ಬರೆದಿದ್ದೀರಿ. ಅವು ನ್ಯಾಯವಾದ ದೂರುಗಳು. ಅವುಗಳ ನಡುವೆ ಒಬ್ಬರು ಬರೆದಿದ್ದಾರೆ: ಕಂಡಕ್ಟರು ದಾರಿಯಲ್ಲಿ ಯಾರನ್ನೋ ಕಂಡು, ಅವರ ಮಗಳ ಬಾಣಂತನದ ಸುದ್ದಿ ಕೇಳುತ್ತ ಐದು ನಿಮಿಷ ಬಸ್ಸು ನಿಲ್ಲಿಸಿದರು, ತಕ್ಷಣ ಕ್ರಮ ಕೈಗೊಳ್ಳಬೇಕು. ಆ ಪುಟದ ಮುಂದೆ ನಾನು ಬಹಳ ಹೊತ್ತು ನಿಂತೆ. ಸ್ವಾಮೀ, ನನ್ನ ಬಸ್ಸು ನನ್ನ ಮಗಳ ಸುದ್ದಿಯನ್ನು ಒಂದು ಸಲವೂ ಕೇಳಿಲ್ಲ. ಕೇಳಲಿಲ್ಲವೆಂದು ದೂರು ಕೊಡೋಣವೆಂದರೆ ತೆಗೆದುಕೊಳ್ಳುವವರೂ ಇಲ್ಲ.

ಕ್ರಮ ಕೈಗೊಂಡವಳು ನಾನೇ. ಅದನ್ನು ಹೇಳುವುದಕ್ಕೇ ಈ ಹಾಳೆ.

ಎಲ್ಲ ದಾರಿಗಳಿಗೂ ಗೂಡಿನ ಬಸ್ಸುಗಳು ಬಂದ ಮೇಲೂ ಮುಂಡರಗಿಯ ದಾರಿಯಲ್ಲಿ ಹಳೆಯ ಮಾದರಿಯ ಒಂದು ಬಸ್ಸು ಉಳಿದಿತ್ತು. ಉದ್ದನೆಯ ಬೆಂಚುಗಳು, ನಡುವೆ ಓಡಾಡಲು ದಾರಿ, ಹಿಡಿದುಕೊಳ್ಳಲು ಕಂಬಿ, ಕಾಗದದ ಟಿಕೆಟ್. ಅದರ ಕಂಡಕ್ಟರ್ ನನ್ನ ಅಣ್ಣ ಅಡಿವೆಪ್ಪ. ಇಡೀ ವಿಭಾಗದ ಕೊನೆಯ ಕಂಡಕ್ಟರ್. ಖಾಲಿ ಗೂಡಿನ ಬಸ್ಸುಗಳು ಎರಡು ಮುಂದೆ ಹೋದರೂ ಜನ ಹತ್ತದೆ ಅವನ ಬಸ್ಸಿಗೆ ಕಾಯುತ್ತಿದ್ದರು. ಯಾರ ಮೊಣಕಾಲು ನೋಯುತ್ತದೆ, ಯಾರನ್ನು ಯಾರ ಪಕ್ಕ ಕೂರಿಸಿದರೆ ಜಗಳವಾಗುತ್ತದೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ನಾನು ಅದೇ ದಾರಿಯ ಬಸ್ಸುಗಳ ಪರೀಕ್ಷಕಿ. ನನ್ನ ಹುದ್ದೆ ಅವನದಕ್ಕಿಂತ ಎರಡು ಮೆಟ್ಟಿಲು ಮೇಲಿನದು. ಆದರೂ ಡಂಬಳದಲ್ಲಿ ನನ್ನ ಪರಿಚಯ ಹೇಳುವುದೆಂದರೆ ಕಂಡಕ್ಟರ್ ತಂಗಿ ಎಂದೇ.

ಮನೆಯಲ್ಲೂ ಅದೇ ಹಾಡು. ಸಂಜೆ ಅಪ್ಪ ಅವನನ್ನು ಎದುರಿಗೆ ಕೂರಿಸಿಕೊಂಡು ಇವತ್ತು ಯಾರು ಯಾರು ಬಂದಿದ್ದರು ಎಂದು ಕೇಳುತ್ತಿದ್ದ. ಅಣ್ಣ ಒಬ್ಬೊಬ್ಬರ ನಡಿಗೆ, ಒಬ್ಬೊಬ್ಬರ ಕೆಮ್ಮನ್ನೂ ಮಾಡಿ ತೋರಿಸುತ್ತಿದ್ದ. ಅಪ್ಪ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದ. ಒಮ್ಮೆ ನಾನು ಹೋಗಿ ಕೂತು, ಇವತ್ತು ಹನ್ನೆರಡು ತಡೆಗಣ್ಣು ಬದಲಾಯಿಸಿದೆ ಅಪ್ಪ ಎಂದೆ. ಒಳ್ಳೇದಾತು ಎಂದವನು ಮತ್ತೆ ಅಣ್ಣನ ಕಡೆ ತಿರುಗಿದ. ಅಷ್ಟೇ ನಡೆದದ್ದು. ಐವತ್ತು ದಾಟಲು ಬಂದ ಹೆಂಗಸು ನಾನು, ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಸದ್ದುಮಾಡುತ್ತ ತಿಕ್ಕಿದೆ.

ಹನ್ನೊಂದು ವರ್ಷದ ಹಿಂದೆ ಅವನ ಬಸ್ಸಿನ ಪರೀಕ್ಷೆ ನನ್ನ ಪಾಲಿಗೆ ಬಂತು. ಸಂಬಂಧಿಕರ ಬಸ್ಸು, ಬೇರೆಯವರಿಗೆ ಕೊಡಿ ಎನ್ನಬಹುದಿತ್ತು. ಎನ್ನಲಿಲ್ಲ. ಪರೀಕ್ಷೆಯ ಪಟ್ಟಿ ಹಿಡಿದು ಹಿಂದಿನ ಬೆಂಚಿನಲ್ಲಿ ಕೂತೆ. ಏಳು ಜನ ನಿಂತಿದ್ದರು, ಬರೆದೆ. ಒಬ್ಬ ತಾಯಿ ಕೂಸನ್ನು ಗುರುತಿಲ್ಲದವರ ಕೈಗೆ ಕೊಟ್ಟಳು, ಬರೆದೆ. ಮುದುಕಿಯೊಬ್ಬಳು ಕಂಬಿ ಹಿಡಿಯುವ ಮೊದಲೇ ಅಣ್ಣ ಸೀಟಿ ಊದಿದ, ಬರೆದೆ. ಎಲ್ಲ ನಿಜ, ಒಂದಕ್ಷರವೂ ಸುಳ್ಳಿಲ್ಲ. ಅಷ್ಟರಲ್ಲಿ ಅಣ್ಣ ಟಿಕೆಟ್ ಕೊಡುತ್ತ ನನ್ನ ಹತ್ತಿರ ಬಂದ. ದುಡ್ಡು ಚಾಚಿದೆ. ಅವನು ತೆಗೆದುಕೊಳ್ಳಲಿಲ್ಲ, ಗುರುತೇ ಇಲ್ಲದ ಅಧಿಕಾರಿಗೆ ಹೇಳುವಂತೆ ನಗುತ್ತ ಹೇಳಿದ:

"ಬಾಯಿಸಾಹೇಬ್ರ, ನಿಮ್ದು ಆಗೇತ್ರಿ. ಡಂಬಳದ ಅಜ್ಜಾರು ತಗೊಂಡಾರ."

ಮುಂದಿನ ಬೆಂಚಿನಿಂದ ಹಲ್ಲಿಲ್ಲದ ಒಬ್ಬ ಮುದುಕ ತಿರುಗಿ ನನಗೆ ಕೈಮುಗಿದ. ನಾನು ಅವನನ್ನು ಕಂಡದ್ದೇ ಇಲ್ಲ. ಕಂಡಕ್ಟರ್ ತಂಗಿ ಎಂಬ ಒಂದೇ ಕಾರಣಕ್ಕೆ ನನ್ನ ಟಿಕೆಟ್ ತೆಗೆದಿದ್ದ. ಬೇರೆ ಯಾರಾದರೂ ಆಗಿದ್ದರೆ ಖುಷಿಪಡುತ್ತಿದ್ದರು. ನನಗೆ ಅಂಗಾಲಿನಿಂದ ನೆತ್ತಿಗೆ ಉರಿ ಏರಿತು. ನನ್ನ ಟಿಕೆಟ್ ಕೂಡ ಅವನ ಹೆಸರಿನಲ್ಲೇ ಆಗಬೇಕೇ? ಪಟ್ಟಿಯಲ್ಲಿ ಬರೆದೆ: ಪ್ರಯಾಣಿಕರೊಬ್ಬರು ಇನ್ನೊಬ್ಬರು ಕೊಂಡ ಟಿಕೆಟಿನಲ್ಲಿ ಪ್ರಯಾಣಿಸಿದ್ದಾರೆ, ಅವಘಡವಾದರೆ ಬಸ್ಸಿನಲ್ಲಿ ಯಾರಿದ್ದರೆಂದು ತಿಳಿಯುವುದು ಕಷ್ಟ. ಆ ಪ್ರಯಾಣಿಕರು ನಾನೇ. ಪಟ್ಟಿ ಅಲ್ಲಿಗೆ ಮುಗಿಯುತ್ತಿತ್ತು. ಕೆಳಗೆ ಜಾಗ ಉಳಿದಿತ್ತು. ಯಾರೂ ಕೇಳದಿದ್ದರೂ ಒಂದು ಸಾಲು ಸೇರಿಸಿದೆ: ಕಂಡಕ್ಟರ್ ಹುದ್ದೆಯೇ ಪ್ರಯಾಣಿಕರ ಸುರಕ್ಷತೆಗೆ ಅಡ್ಡಿಯಾಗಿದೆ.

ಎರಡು ತಿಂಗಳಲ್ಲಿ ಆ ಬಸ್ಸು ನಿಂತಿತು. ಅಣ್ಣನಿಗೆ ಮುಂಡರಗಿಯ ಬೀಜದ ಉಗ್ರಾಣದಲ್ಲಿ ಕೆಲಸ ಕೊಟ್ಟರು. ಅಲ್ಲಿ ನಿವೃತ್ತಿಯ ಲೆಕ್ಕವಿಲ್ಲ, ಈಗಲೂ ಅವನು ದಿನವಿಡೀ ಮಾತಾಡದ ಚೀಲಗಳ ನಡುವೆ ಕೂರುತ್ತಾನೆ. ವರದಿಯ ಪ್ರತಿ ಅವನಿಗೂ ಹೋಗಿತ್ತು. ಕೊನೆಯ ಸಾಲು ಪರೀಕ್ಷೆಗೆ ಸಂಬಂಧಪಟ್ಟದ್ದಲ್ಲ ಎಂದು ಅವನಿಗೆ ಗೊತ್ತಾಗದೆ ಇರುತ್ತದೆಯೇ? ಬೈಯಲಿಲ್ಲ, ಕೇಳಲಿಲ್ಲ, ಮಾತು ಬಿಟ್ಟ. ಅಪ್ಪನನ್ನು ಮಣ್ಣು ಮಾಡಿದ ದಿನವೂ ನಾವಿಬ್ಬರೂ ಬೇರೆ ಬೇರೆ ಗೋಡೆಗೆ ಒರಗಿ ಕೂತಿದ್ದೆವು. ಹಳೆಯ ಬಸ್ಸು ನಿಂತಂದಿನಿಂದ ಅವನು ಉಗ್ರಾಣಕ್ಕೆ, ನಾನು ಪರೀಕ್ಷೆಯ ಕೆಲಸಕ್ಕೆ, ಇಬ್ಬರೂ ಅದೇ ಎಂಟರ ಬಸ್ಸಿನಲ್ಲಿ ಮುಂಡರಗಿಗೆ ಹೋಗುತ್ತೇವೆ. ಅವನು ಹದಿನೇಳನೆಯ ಗೂಡಿನಲ್ಲಿ, ನಾನು ಹದಿನೆಂಟರಲ್ಲಿ. ನಾನು ಹತ್ತುವುದು ಕಂಡೊಡನೆ ಅವನ ಗಾಜು ಮಸುಕಾಗುತ್ತದೆ.

ನಿಮ್ಮಲ್ಲಿ ಇಂಥದ್ದಕ್ಕೆ ಮದ್ದಿತ್ತು ಎಂದು ಓದಿ ತಿಳಿದಿದ್ದೇನೆ. ಮಾತು ಬಿಟ್ಟವರಿಬ್ಬರು ಒಂದೇ ಬಸ್ಸು ಹತ್ತಿದರೆ ಒಬ್ಬರು ತಲೆ ತಗ್ಗಿಸಿಕೊಂಡೇ, ಅವರದ್ದೂ ಸೇರಿಸಿ ಎರಡು ಕೊಡ್ರಿ ಎನ್ನುತ್ತಿದ್ದರಂತೆ. ಇನ್ನೊಬ್ಬರು ಬೇಡವೆಂದು ಗೊಣಗಿದರೂ ಇಳಿಯುವ ಹೊತ್ತಿಗೆ ಹೆಗಲ ಮೇಲೆ ಕೈ ಇರುತ್ತಿತ್ತಂತೆ. ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಲಾಗದ ನನ್ನಂಥವರಿಗೆ ಇದಕ್ಕಿಂತ ಸುಲಭದ ದಾರಿ ಇದೆಯೇ? ನಾನೂ ಹೊರಟೆ. ಒಂದು ದಿನ ಮೊದಲೇ ಹೋಗಿ ಅವನ ಕುರ್ಚಿಯ ಮೇಲೆ ಕೈಯಿಟ್ಟೆ. ಇದು ನಿಮ್ಮ ಗೂಡಲ್ಲ ಎಂದು ಗದರಿಸಿತು. ಒಬ್ಬರ ದರವನ್ನು ಇನ್ನೊಬ್ಬರು ಕೊಡಲು ಅವಕಾಶ ಮಾಡಬೇಕೆಂದು ಸಾರಿಗೆ ಮಂಡಳಿಗೆ ಅರ್ಜಿ ಬರೆದೆ. ಒಂದು ಮೈ, ಒಂದು ದರ ಎಂಬ ನಿಯಮದಂತೆ ಸಾಧ್ಯವಿಲ್ಲ ಎಂದು ಉತ್ತರ ಬಂತು. ನಿಯಮಕ್ಕೆ ಆಧಾರವೆಂದು ಒಂದು ವರದಿಯನ್ನು ಲಗತ್ತಿಸಿದ್ದರು. ತೆರೆದು ನೋಡಿದರೆ ಕೆಳಗೆ ನನ್ನದೇ ಸಹಿ.

ಇವತ್ತು ನನ್ನ ಕೊನೆಯ ಕೆಲಸದ ದಿನ. ಬೆಳಿಗ್ಗೆ ಡಂಬಳ ದಾಟಿ ಸ್ವಲ್ಪ ದೂರ ಹೋದ ಮೇಲೆ, ಮೂವತ್ತನಾಲ್ಕು ವರ್ಷ ಯಾರಿಗೂ ಬಿಚ್ಚಲು ಬಿಡದ ಪಟ್ಟಿಯನ್ನು ನಾನೇ ಬಿಚ್ಚಿದೆ. ಬಸ್ಸು ನಿಂತಿತು, ಕೆಂಪು ದೀಪಗಳು ಹತ್ತಿಕೊಂಡವು. ಬಾಗಿಲು ತೆರೆದು ರಸ್ತೆಗಿಳಿದೆ. ಗೂಡುಗಳೊಳಗೆ ಎಲ್ಲರ ಬಾಯಿಗಳೂ ಆಡುತ್ತಿದ್ದವು, ಬೈಗುಳವಿರಬೇಕು, ಕೇಳಿಸಲಿಲ್ಲ. ಮಸುಕಾದ ಹದಿನೇಳನೆಯ ಗಾಜನ್ನು ತಟ್ಟಿದೆ. ತಟ್ಟುತ್ತಲೇ ಇದ್ದೆ. ಬಹಳ ಹೊತ್ತಿನ ಮೇಲೆ ಗಾಜು ಕೆಳಗೆ ಸರಿಯಿತು. ಅಣ್ಣನ ಹುಬ್ಬು ಕೂಡ ಬೆಳ್ಳಗಾಗಿದೆ. ಹನ್ನೊಂದು ವರ್ಷ ಪಕ್ಕದಲ್ಲೇ ಕೂತಿದ್ದರೂ ನನಗೆ ಗೊತ್ತಿರಲಿಲ್ಲ.

"ಅಣ್ಣ, ಇವತ್ತ ನಿನ್ನ ಟಿಕೆಟ್ ನಾ ತಗೊಂತೀನಿ," ಎಂದೆ.

ಅವನು ನನ್ನನ್ನು ನೋಡಿದ. ಬಸ್ಸಿನ ಉದ್ದಕ್ಕೂ ಒಮ್ಮೆ ಕಣ್ಣು ಹಾಯಿಸಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

"ಕೊಡಾಕ ಯಾರ್ ಅದಾರವ್ವಾ, ಸಾವಂತ್ರಿ?"

ನನ್ನ ಹೆಸರನ್ನು ಅವನ ಬಾಯಲ್ಲಿ ಕೇಳಿದ ಸಂತೋಷ ಮೊದಲು ಬಂತು. ಅವನು ಹೇಳಿದ್ದೇನೆಂಬುದು ಆಮೇಲೆ ತಲೆಗೆ ಹೋಯಿತು. ಗಾಜು ಮೇಲೇರಿತು. ಮಸುಕಾಗಲಿಲ್ಲ, ಅಷ್ಟನ್ನು ಮಾತ್ರ ಅಣ್ಣ ನನಗೆ ಬಿಟ್ಟುಕೊಟ್ಟ.

ಹಾಳೆ ಮುಗಿಯುತ್ತ ಬಂತು. ನಿಮ್ಮ ಮೇಲಿನ ಹೊಟ್ಟೆಕಿಚ್ಚು ಇನ್ನೂ ಇಳಿದಿಲ್ಲ, ಇಳಿಯುವುದೂ ಇಲ್ಲ. ಆದರೂ ಒಂದನ್ನು ಬೇಡುತ್ತೇನೆ. ನಾಳೆ ನೀವು ಬಸ್ಸು ಹತ್ತಿದಾಗ ಕಂಡಕ್ಟರು ಹತ್ತಿರ ಬಂದರೆ ಎರಡು ಟಿಕೆಟ್ ಕೇಳಿ. ನಿಮ್ಮ ಕಾಲದಲ್ಲಿ ಎಷ್ಟೋ ಬಸ್ಸುಗಳಲ್ಲಿ ಹೆಂಗಸರು ದುಡ್ಡು ಕೊಡಬೇಕಿರಲಿಲ್ಲವಂತೆ, ಆದ್ದರಿಂದ ಎರಡನೆಯದನ್ನು ಒಬ್ಬ ಗಂಡಸಿಗೆ ತೆಗೆಯಿರಿ. ಗುರುತಿನವರು ಬೇಡ. ಕಿಟಕಿಯ ಕಡೆ ಮುಖ ಮಾಡಿ ಒಬ್ಬರೇ ಕೂತ ವಯಸ್ಸಾದವರೊಬ್ಬರು ಇದ್ದೇ ಇರುತ್ತಾರೆ. ಅವರು ಗಾಬರಿಯಾಗಿ ಯಾರು ತೆಗೆದರು ಎಂದು ಕೇಳುತ್ತಾರೆ. ನಿಮ್ಮ ತಂಗಿ ಎಂದು ಹೇಳಿ. ನನಗೆ ತಂಗಿಯೇ ಇಲ್ಲವಲ್ಲ ಎಂದು ಅವರು ಜಗಳಕ್ಕೆ ಬಂದರೆ, ಅವಳು ಇನ್ನೂ ಹುಟ್ಟಿಲ್ಲ ಎನ್ನಿ.