ಹೆಸರಿಡದ ಋತುವಿನ ಇಪ್ಪತ್ತೇಳು

ಗಣಿಗುಂಡಿ ಓಟದ ಅಂಗಳ, ಸಂಡೂರು
೨೨೧೪, ಫೆಬ್ರವರಿ ಮೂವತ್ತು

ಸುಮಾರು ಇನ್ನೂರು ವರ್ಷ ಹಿಂದೆ ವಿದ್ಯುತ್ ಕಾರುಗಳನ್ನು ಓಡಿಸುತ್ತಿರುವ ಹಿರಿಯರಿಗೆ ಹುಲಿಗೆಮ್ಮನ ನಮಸ್ಕಾರಗಳು.

ದಿನಾಂಕ ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ಪಾಪ, ಅದೊಂದೇ ಯಾಕೆ ಬಡವಾಗಿರಬೇಕು? ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ, ನಮಗೆ ಅವು ಅನ್ನ-ಸಾರಿನಷ್ಟು ರೂಢಿ. ನಾನು ಇಲ್ಲಿಯ ಅಂಕಿಗಾರ್ತಿ. ಅಂದರೆ ಯಾವ ಚಾಲಕರ ಕಾರಿಗೆ ಯಾವ ಸಂಖ್ಯೆ ಎಂದು ಗೊತ್ತುಮಾಡುವವಳು, ಓಟದ ಋತುಗಳಿಗೆ ಹೆಸರಿಡುವವಳು. ಮೂವತ್ತು ವರ್ಷ ಈ ಕೆಲಸ ಮಾಡಿದ್ದೇನೆ, ಎರಡು ಸಲ ತಪ್ಪಿದ್ದೇನೆ. ಆ ಎರಡು ತಪ್ಪುಗಳಿಗಾಗಿಯೇ ಈ ಪತ್ರ.

ನೀವು ಋತುಗಳನ್ನು ಒಂದು, ಎರಡು, ಮೂರು ಎಂದು ಎಣಿಸುತ್ತೀರಂತೆ. ಡಿಸೆಂಬರಿನಲ್ಲಿ ಹುಟ್ಟಿ ಮರುವರ್ಷದ ಜುಲೈಯಲ್ಲಿ ಮುಗಿಯುವುದನ್ನು ಯಾವ ಇಸವಿಗೆ ಸೇರಿಸಬೇಕೆಂಬ ಜಗಳ ಅದರಿಂದ ತಪ್ಪುತ್ತದೆ, ಒಪ್ಪಿದೆ. ನಮ್ಮವರು ಮಾತ್ರ ಎಣಿಕೆ ಬಿಟ್ಟು ಹೆಸರು ಹಿಡಿದರು. ಆ ವರ್ಷ ಊರು ಕಂಡದ್ದೇ ಋತುವಿನ ಹೆಸರು: ಗುಬ್ಬಿ ಮರಳಿದ್ದು, ಎರಡು ಮಳೆ, ಕೆಂಧೂಳು. ಮೊದಲ ಓಟ ಗೆದ್ದ ಕಾರನ್ನು ನಿಲ್ಲಿಸಿ, ಕೂಸಿನ ಕಿವಿಯಲ್ಲಿ ಹೆಸರು ಉಸುರುವಂತೆ, ಅದರ ಚಾರ್ಜಿಂಗ್ ಕಿಂಡಿಗೆ ಬಾಯಿಟ್ಟು ಮೂರು ಸಲ ಉಸುರುತ್ತೇನೆ. ಆಮೇಲೆ ಗೆದ್ದವರ ಮನೆಯಿಂದ ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಜ್ಜಿ ಬರುತ್ತದೆ. ಓಡಿಸಿದವರಿಗಿಂತ ನಿಂತು ನೋಡಿದವರೇ ಹೆಚ್ಚು ತಿನ್ನುತ್ತಾರೆ.

ಸಂಖ್ಯೆಯ ಕಟ್ಟಳೆ ಇನ್ನೂ ಬಿಗಿ. ಚಾಲಕರಿಗೆ ಕೊಟ್ಟ ಸಂಖ್ಯೆ ಅವರ ಜೀವ ಇರುವತನಕ ಅವರದೇ. ಕೊಟ್ಟಮೇಲೆ ನಾನು ಹಿಂದಕ್ಕೆ ಪಡೆಯುವಂತಿಲ್ಲ. ಚಾಲಕರು ಓಟದಲ್ಲಿ ಸತ್ತರೆ ಅವರ ಸಂಖ್ಯೆಗೆ ಏಳು ಋತುಗಳ ಸೂತಕ, ಅಲ್ಲಿಯತನಕ ಅದನ್ನು ಯಾರಿಗೂ ಕೊಡುವಂತಿಲ್ಲ. ಅದಕ್ಕೆ ಅಂಕಿಸೂತಕ ಎನ್ನುತ್ತೇವೆ. ಹೆಸರಿಟ್ಟ ಋತು ಮಾತ್ರ ಎಣಿಕೆಗೆ ಬರುತ್ತದೆ.

ಏಳು ವರ್ಷದ ಹಿಂದೆ, ಋತುವಿನ ಮೊದಲ ಓಟದ ಬೆಳಿಗ್ಗೆ, ಇಪ್ಪತ್ತೇಳನೇ ಸಂಖ್ಯೆಯ ಚಾಲಕ ಎರ್ರಿಸ್ವಾಮಿ ಶಿರಸ್ತ್ರಾಣ ಕಂಕುಳಲ್ಲಿಟ್ಟುಕೊಂಡು ನನ್ನ ಮೇಜಿನ ಬಳಿ ಬಂದ. "ಈ ಸಲ ಏನ್ ಹೆಸರು ತಂದೀಯಕ್ಕಾ?" ಎಂದು ಕೇಳಿದ. ನನಗೂ ತಮಾಷೆ ಹೆಚ್ಚು. "ಗೆದ್ದು ಬಾರಪ್ಪ, ನಿನ್ನ ಗಾಡಿ ಕಿವ್ಯಾಗ ಹೇಳ್ತೀನಿ" ಎಂದೆ. ಅವನು ಗೆದ್ದ. ಗೆದ್ದಮೇಲೆ ಕಾರನ್ನು ಮೆಲ್ಲಗೆ ಒಂದು ಸುತ್ತು ತರುವುದು ಪದ್ಧತಿ. ನಮ್ಮ ಹಾದಿ ಹಳೇ ಗಣಿಗುಂಡಿಯ ಮೆಟ್ಟಿಲುಗಳ ಮೇಲೆ ಸುತ್ತುತ್ತದೆ; ಆ ಸುತ್ತಿನಲ್ಲಿ ಮೂರನೇ ಮೆಟ್ಟಿಲಿನ ತಿರುವು ಕುಸಿಯಿತು. ಅವನು ಉಳಿಯಲಿಲ್ಲ. ಕಾರನ್ನು ಮೇಲೆತ್ತಿದಾಗ ಚಾರ್ಜಿಂಗ್ ಕಿಂಡಿ ಹಾಗೇ ಇತ್ತು, ಧೂಳು ಸಹ ಕೂತಿರಲಿಲ್ಲ. ನಾನು ಅದಕ್ಕೆ ಹೆಸರು ಉಸುರದೆ ಹಿಂದಿರುಗಿದೆ. ಉಳಿದ ಓಟಗಳು ನಡೆದವು, ಆದರೆ ಆ ಋತುವಿಗೆ ಹೆಸರೇ ಇಲ್ಲದೆ ಹೋಯಿತು. ಅದು ನನ್ನ ಮೊದಲ ತಪ್ಪು.

ಈ ಡಿಸೆಂಬರಿನಲ್ಲಿ ಅವನ ಮಗಳು ಜಡೆಮ್ಮ ಬಂದಳು. ಹತ್ತೊಂಬತ್ತು ವರ್ಷ, ಅಪ್ಪನದೇ ಗದ್ದ. ಅಪ್ಪನ ಸಂಖ್ಯೆಯೇ ಬೇಕೆಂದಳು. ಹೆಸರಿಟ್ಟ ಋತುಗಳು ಆರೇ ಆಗಿದ್ದವು, ನನಗೆ ಗೊತ್ತಿತ್ತು. ಆ ಹುಡುಗಿಯ ಮುಖ ನೋಡಿ, ಹೆಸರಿಡದ ಋತುವನ್ನೂ ಸೇರಿಸಿ ಏಳು ಎಂದು ಬರೆದುಬಿಟ್ಟೆ. ಕರುಳು ಲೆಕ್ಕ ಬರೆದರೆ ಹೀಗೇ ಆಗುವುದು.

ನಮ್ಮ ಕಾರುಗಳಿಗೆ ಸದ್ದು ಕಡಿಮೆ. ಟೈರು ಕೆಂಪು ಮಣ್ಣು ಉಜ್ಜುವುದಷ್ಟೇ ಕೇಳುತ್ತದೆ. ಹಾಗಾಗಿ ಎಲ್ಲರ ಕಣ್ಣೂ ಯಾವ ಸಂಖ್ಯೆ ಎಷ್ಟು ಮುಂದಿದೆ ಎಂದು ತೋರಿಸುವ ಬೋರ್ಡಿನ ಮೇಲೆ. ಮೊದಲ ಓಟದಲ್ಲಿ ಬೋರ್ಡಿನಲ್ಲಿ ಎರಡು ಇಪ್ಪತ್ತೇಳು ಬಂದವು. ಒಂದು ಜಡೆಮ್ಮನ ಜಾಗದಲ್ಲಿ, ಇನ್ನೊಂದು ಅವಳಿಗಿಂತ ನಾಲ್ಕು ಸೆಕೆಂಡು ಮುಂದೆ. ಹಾದಿಯಲ್ಲಿ ಅಲ್ಲಿ ಕಾರಿರಲಿಲ್ಲ, ಧೂಳು ಮಾತ್ರ ಎದ್ದಿತ್ತು. ಬೋರ್ಡನ್ನು ಮೂರು ಸಲ ಬಿಚ್ಚಿ ಜೋಡಿಸಿದರು, ದೋಷ ಸಿಗಲಿಲ್ಲ. ಎರಡನೇ ಓಟದಲ್ಲಿ ಅಂತರ ಎರಡು ಸೆಕೆಂಡು. ನಿನ್ನೆ, ಮೂರನೇ ಓಟದಲ್ಲಿ, ಅರ್ಧ ಸೆಕೆಂಡು.

ಮುಂದೆ ಹೋಗುತ್ತಿರುವ ಇಪ್ಪತ್ತೇಳು ನಿಧಾನವಾಗುತ್ತಿಲ್ಲ. ಈ ಹುಡುಗಿ ವೇಗ ಹೆಚ್ಚಿಸುತ್ತಿದ್ದಾಳೆ. ಮೂರನೇ ಮೆಟ್ಟಿಲಿನ ತಿರುವಿನಲ್ಲಿ ಎಲ್ಲರೂ ಬ್ರೇಕ್ ಹಾಕುವ ಕಡೆ ಇವಳು ಹಾಕುವುದಿಲ್ಲ. ಬೇರೆ ಸಂಖ್ಯೆ ತಗೋ ಎಂದು ಕೈ ಹಿಡಿದು ಬೇಡಿಕೊಂಡೆ. "ನಮ್ಮಪ್ಪ ಮುಂದ ಹೊಂಟಾನ ದೊಡ್ಡಮ್ಮ, ನಾಳಿಗೆ ಹಿಡಿತೀನಿ" ಎಂದು ನಕ್ಕಳು. ನನಗೆ ಭಯವಾಗಿದೆ.

ಅವನು ಮಗಳನ್ನು ಕರೆಯಲು ಬಂದವನಲ್ಲ, ಅಂಥ ಅಪ್ಪನಲ್ಲ ಎರ್ರಿಸ್ವಾಮಿ. ನಾನು ಹೇಳುತ್ತೇನೆಂದ ಹೆಸರು ಕೇಳಲು ಸುತ್ತುತ್ತಿದ್ದಾನೆ. ಆದರೆ ನಾನು ಉಸುರುವುದಾದರೂ ಯಾವ ಕಿವಿಗೆ? ಅವನ ಕಾರನ್ನು ಆಗಲೇ ಕರಗಿಸಿದರು. ಅದರ ಚೂರು ಎಲ್ಲೆಲ್ಲಿ ಸೇರಿತೋ ಗೊತ್ತಿಲ್ಲ. ಗೊತ್ತಿರುವುದು ಒಂದೇ. ನಮ್ಮಲ್ಲಿ ಹೊಸ ತಾಮ್ರ ಇಲ್ಲ. ಅವನ ಮೋಟಾರಿನ ತಂತಿ ನಿಮ್ಮ ಕಾಲದ ಕಾರುಗಳಿಂದಲೇ ಕರಗಿ ಕರಗಿ ಬಂದದ್ದು. ಆ ತಾಮ್ರ ಈಗ ನಿಮ್ಮ ಹತ್ತಿರ ಇದೆ, ಯಾವ ಕಾರಿನಲ್ಲೆಂದು ಹೇಳಲಾರೆ.

ಅದಕ್ಕೇ ಕೈಮುಗಿದು ಕೇಳುತ್ತೇನೆ. ನಿಮ್ಮ ಅಂಗಳದಲ್ಲಿ ನಿಂತ ಕಾರುಗಳ ಹತ್ತಿರ ಹೋಗಿ, ಒಂದನ್ನೂ ಬಿಡದೆ, ಚಾರ್ಜಿಂಗ್ ಕಿಂಡಿಗೆ ಬಾಯಿಟ್ಟು ಮೂರು ಸಲ ಹೇಳಿ: ತುಂಬುಗೆರೆ. ಅದೇ ನಾನು ಅವತ್ತು ತಂದಿದ್ದ ಹೆಸರು. ಆ ವರ್ಷ ನಮ್ಮ ಕೆರೆ ತುಂಬಿತ್ತು. ಹೆಸರು ಕಿವಿಗೆ ಬಿದ್ದರೆ ಅವನು ಸುತ್ತುವುದು ಬಿಡುತ್ತಾನೆ, ಸೂತಕದ ಏಳು ಋತುವೂ ತುಂಬುತ್ತದೆ. ಯಾರಾದರೂ ನೋಡಿ ನಕ್ಕರೆ ನಗಲಿ.

ನಾಳೆ ಹನ್ನೊಂದು ಗಂಟೆಗೆ ಓಟ. ಮುಗಿಯುವಾಗ ಬೋರ್ಡಿನಲ್ಲಿ ಒಂದೇ ಇಪ್ಪತ್ತೇಳು ಉಳಿಯುತ್ತದೆ, ಅಷ್ಟು ನನಗೆ ಗೊತ್ತು. ಅದು ಜಡೆಮ್ಮನದಾಗಿರಲಿ.

ಹುಲಿಗೆಮ್ಮ