ನನ್ನ ಕಡೆಗಿದ್ದ ಕಾನೂನು

ಶೋಭಾ,

ರೇಷ್ಮೆಹುಳುಗಳು ಪೊರೆ ಬಿಡುವ ನಾಲ್ಕನೇ ಜ್ವರಕ್ಕೆ ಮಲಗಿವೆ, ಸೊಪ್ಪು ಹಾಕುವ ಕೆಲಸವಿಲ್ಲ. ಬೆಳಿಗ್ಗೆ ನಿಮ್ಮಮ್ಮ ಮೊಬೈಲ್ ಹಿಡಿದು ನಮ್ಮ ಹುಳುಮನೆ ಬಾಗಿಲಿಗೆ ಬಂದರು.

"ಕದಿರೇಶ, ಶೋಭಾ ಯಾವ್ದೋ ಇಂಗ್ಲಿಷ್ ಕಾಗ್ದ ಕಳ್ಸವ್ಳೆ, ಓದಪ್ಪಾ."

ಓದಿದೆ. ತಾಯಿಯನ್ನು ಮದುವೆಯಾಗದ ಅಪ್ಪನ ಪೌರತ್ವ ಮಗುವಿಗಿಲ್ಲ ಎನ್ನುತ್ತಿದ್ದ ಬ್ರಿಟಿಷ್ ಕಾನೂನು ಬದಲಾಗಿ, ನೀನು ನರ್ಸಾಗಿರುವ, ಬ್ರಿಟಿಷರ ಅಧೀನದ ಕೇಮನ್ ದ್ವೀಪಕ್ಕೆ ನಿನ್ನ ಮಗಳು ಈಗ ಸೇರಿದವಳು. ಅವಳು ಹುಟ್ಟಿದಾಗಿನಿಂದ ಹದಿನೇಳು ವರ್ಷ ಆ ಹಳೇ ಕಾನೂನೊಂದೇ ನನ್ನ ಕಡೆಗಿತ್ತು. ಒಂದು ದಿನ ನಿಮ್ಮಿಬ್ಬರನ್ನೂ ನಮ್ಮ ಹುತ್ತೂರಿಗೆ ವಾಪಸ್ ಕಳಿಸುತ್ತಾರೆ ಅಂದುಕೊಂಡಿದ್ದೆ. ಆ ದ್ವೀಪದವನು, ಅವಳ ಅಪ್ಪ, ನಿನಗೆ ತಾಳಿ ಕಟ್ಟಲೂ ಇಲ್ಲ, ಆದರೂ ಗೆದ್ದ.

"ಒಳ್ಳೇದೇನಪ್ಪಾ?"

"ಒಳ್ಳೇದೇ ಕಣಮ್ಮ."

"ಮತ್ಯಾಕೆ ಇನ್ನೊಂದ್ ಸಲ ಓದ್ತಿದೀಯ?"

ಕಾನೂನಿನ ವಿಷಯ, ಸರಿಯಾಗಿ ನೋಡಬೇಕು ಎಂದೆ. ಕಾಗದದ ಕೆಳಗೆ ನೀನು ಕನ್ನಡದಲ್ಲಿ ಎಲ್ಲರನ್ನೂ ವಿಚಾರಿಸಿದ್ದೆ, ನಿಮ್ಮ ಕೆಂದ ಹಸುವನ್ನು ಕೂಡ. ನಾನು ನನ್ನ ಹೆಸರು ಹುಡುಕುತ್ತಿದ್ದೆ.